ವಾರದ ಒಂದು ಸಂಜೆ, ಉಳಿದ ಆರು ದಿನ

ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಬಸ್ಸಿಗೆ ಕಾಯುವ ಸಿಮೆಂಟ್ ಬೆಂಚಿನ ಬೆನ್ನಿಗೆ, ಸರಕಾರಿ ಶಾಲೆಯ ನೀರಿನ ಟಾಕಿಯ ಮೇಲೆ, ಸ್ಮಶಾನದ ಗೇಟಿನ ಕಮಾನಿನ ಮೇಲೆ ಯಾವುದಾದರೊಂದು ಸೇವಾ ಕ್ಲಬ್ಬಿನ ಹೆಸರು ಕಾಣುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವೆ ಓಡಾಡುತ್ತ ಬೆಳೆದ ನಮಗೆ ಈ ಹೆಸರುಗಳು ಕಿರಾಣಿ ಅಂಗಡಿಯ ಫಲಕಗಳಷ್ಟೇ ಪರಿಚಿತ. ಆ ಹೆಸರಿನ ಹಿಂದೆ ನಡೆಯುವ ವಾರದ ಸಭೆಯ ಬಗ್ಗೆ ಮಾತ್ರ ನಾವು ಯೋಚಿಸುವುದು ಕಡಿಮೆ. ಉಳ್ಳವರ ಹೊತ್ತು ಕಳೆಯುವ ಕೂಟವೆಂದು ಕೆಲವರು ನಕ್ಕು ಬಿಡುತ್ತಾರೆ. ಊರಿಗೆ ಉಪಕಾರ ಮಾಡುವ ದೊಡ್ಡವರೆಂದು ಕೆಲವರು ಕೈಮುಗಿಯುತ್ತಾರೆ. ಇವೆರಡೂ ಅವಸರದ ತೀರ್ಮಾನಗಳು. ಸೇವೆ ಎಂದರೇನು, ಅದು ಎಲ್ಲಿಂದ ಶುರುವಾಗಬೇಕು ಎಂಬ ಹಳೆಯ ಪ್ರಶ್ನೆಯನ್ನು ಕೇಳಿಕೊಳ್ಳಲು ಆ ಸಭೆ ಒಳ್ಳೆಯ ಜಾಗ ಎಂದು ನಮಗನಿಸುತ್ತದೆ.

ಸಭೆಯ ರೀತಿ ಎಲ್ಲ ಊರಲ್ಲೂ ಹೆಚ್ಚು ಕಡಿಮೆ ಒಂದೇ. ಏಳೂವರೆಗೆ ಕರೆದದ್ದು ಎಂಟಕ್ಕೆ ಆರಂಭ. ಅಧ್ಯಕ್ಷರು ಕೊರಳಿಗೆ ಪದಕದ ಪಟ್ಟಿ ಹಾಕಿಕೊಂಡು ಮೇಜಿನ ಮೇಲಿನ ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ, ಅತಿಥಿಯ ಪರಿಚಯ, ಕಾರ್ಯದರ್ಶಿಯ ವರದಿ, ಹುಟ್ಟುಹಬ್ಬ ಮತ್ತು ಮದುವೆಯ ದಿನ ಇದ್ದವರಿಗೆ ಚಪ್ಪಾಳೆ, ತಡವಾಗಿ ಬಂದವರಿಗೆ ನಗೆಯ ನಡುವೆ ಸಣ್ಣ ದಂಡ, ಒಂದು ಭಾಷಣ, ವಂದನೆ, ರಾಷ್ಟ್ರಗೀತೆ, ಕೊನೆಗೆ ಊಟ. ಜುಲೈ ಒಂದಕ್ಕೆ ಇವರ ವರ್ಷ ಬದಲಾಗುತ್ತದೆ, ಹೊಸ ಅಧ್ಯಕ್ಷರ ಪದಗ್ರಹಣವಾಗುತ್ತದೆ. ಆಮೇಲೆ ಕಣ್ಣಿನ ತಪಾಸಣೆ, ರಕ್ತದಾನ, ನೋಟ್‌ಬುಕ್ ವಿತರಣೆ, ಹೊಲಿಗೆ ಯಂತ್ರ ವಿತರಣೆ ಒಂದರ ಹಿಂದೆ ಒಂದು ಬರುತ್ತವೆ.

ಈ ಪದ್ಧತಿ ಹುಟ್ಟಿದ್ದು ದೂರದ ಷಿಕಾಗೋದಲ್ಲಿ. 1905ರ ಫೆಬ್ರವರಿ 23ರಂದು ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಕೂತು ರೋಟರಿಯನ್ನು ಆರಂಭಿಸಿದರು. ಆ ಮೂವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಇನ್ನೊಬ್ಬರು ಬಟ್ಟೆ ಹೊಲಿಸಿ ಮಾರುವ ದರ್ಜಿ. ಸರದಿಯ ಪ್ರಕಾರ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಆ ಹೆಸರು ಬಂತು. ಮೊದಲಿಗೆ ಅವರಿಗೆ ಬೇಕಾಗಿದ್ದುದು ಗೆಳೆತನ ಮತ್ತು ಒಬ್ಬರಿಂದೊಬ್ಬರಿಗೆ ವ್ಯಾಪಾರ. ಊರಿನ ಕೆಲಸ ಆಮೇಲೆ ಬಂತು. ಅವರು ಮೊದಮೊದಲು ಕೈಹಾಕಿದ ಊರ ಕೆಲಸಗಳಲ್ಲಿ ಒಂದು ಷಿಕಾಗೋ ಪೇಟೆಯಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಅದೇ ಊರಿನಲ್ಲಿ ವಿಮಾ ವ್ಯವಹಾರದ ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್ ಸಂಸ್ಥೆಗೆ ಕಾರಣರಾದರು. 1920ರ ಹೊತ್ತಿಗೆ ರೋಟರಿ ಕಲ್ಕತ್ತೆಗೆ ಬಂತು, ಆಗ ಅದು ಹೆಚ್ಚಾಗಿ ಯುರೋಪಿಯನ್ನರ ಕೂಟ. ವಾರಕ್ಕೊಮ್ಮೆ ಸೇರಲೇಬೇಕೆಂಬ ನಿಯಮವನ್ನು ರೋಟರಿ 2016ರಲ್ಲಿ ಸಡಿಲಿಸಿ ತಿಂಗಳಿಗೆ ಎರಡು ಸಭೆಯಾದರೂ ಸಾಕೆಂದಿತು. ಆದರೂ ರೂಢಿಯ ಮಾತಿನಲ್ಲಿ ಅದು ವಾರದ ಮೀಟಿಂಗೇ.

ಟೀಕೆಗೆ ಮೊದಲು ಈ ಸಭೆಯ ಒಂದು ಗುಣವನ್ನು ಒಪ್ಪಿಕೊಳ್ಳಬೇಕು. ನಮ್ಮ ಊರುಗಳಲ್ಲಿ ವ್ಯಾಪಾರ ಎಲ್ಲರೊಡನೆ ನಡೆಯುತ್ತದೆ, ಊಟ ಎಲ್ಲರೊಡನೆ ನಡೆಯುವುದಿಲ್ಲ. ಅಡತಿ ಅಂಗಡಿಯಲ್ಲಿ ಚಾ ಕುಡಿಯುವುದು ಬೇರೆ, ಒಂದೇ ಮೇಜಿಗೆ ಕೂತು ತಾಟಿಗೆ ಕೈ ಹಾಕುವುದು ಬೇರೆ. ಲಿಂಗಾಯತ ಅಡತಿದಾರ, ಜೈನ ಬಟ್ಟೆ ವ್ಯಾಪಾರಿ, ಮಾರವಾಡಿ ಸರಾಫ, ಬ್ರಾಹ್ಮಣ ಪ್ರಾಂಶುಪಾಲ, ಮುಸ್ಲಿಂ ಡಾಕ್ಟರು ತಪ್ಪದೆ ಒಂದು ಸಂಜೆ ಜತೆಗೆ ಉಂಡು ಮನೆಗೆ ಹೋಗುತ್ತಾರೆಂದರೆ ಅದು ಸಣ್ಣ ಸಂಗತಿಯಲ್ಲ. ಊರಿನಲ್ಲಿ ಗಲಾಟೆಯ ಸುದ್ದಿ ಹಬ್ಬಿದ ರಾತ್ರಿ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ನಿಮ್ಮ ಓಣಿಯಲ್ಲಿ ಹೇಗಿದೆ ಎಂದು ಕೇಳಬೇಕಾದರೆ ಮೊದಲೇ ಪರಿಚಯ ಇರಬೇಕಾಗುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಊರಿಗೂ ಅಂಥ ಕೊಂಡಿಗಳು ಬೇಕು. ಹಂಚಿದ ನೋಟ್‌ಬುಕ್ಕುಗಳಿಗಿಂತ ಈ ಒಂದು ಮೇಜೇ ಕೆಲವು ಊರುಗಳಿಗೆ ದೊಡ್ಡ ಸೇವೆಯಾಗಿರಬಹುದು.

ಆದರೆ ಆ ಮೇಜಿನ ಸುತ್ತಲಿನ ಕುರ್ಚಿಗಳಿಗೆ ವಾರ್ಷಿಕ ಶುಲ್ಕವಿದೆ. ಅದನ್ನು ಕೊಡಬಲ್ಲವರು ಜಾತಿ ಧರ್ಮ ಮೀರಿ ಒಂದಾಗುತ್ತಾರೆ, ಕೊಡಲಾರದವರು ಜಾತಿ ಧರ್ಮ ಮೀರಿ ಹೊರಗುಳಿಯುತ್ತಾರೆ. ಹೆಂಗಸರಿಗಂತೂ ಬಾಗಿಲು ತೆರೆದದ್ದು ಬಹಳ ತಡವಾಗಿ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೆಣ್ಣು ಸದಸ್ಯರ ಪರವಾಗಿ ತೀರ್ಪು ಕೊಟ್ಟ ಮೇಲೆ, 1989ರಲ್ಲಿ ರೋಟರಿ ಜಗತ್ತಿನೆಲ್ಲೆಡೆ ಆ ಅಡ್ಡಿಯನ್ನು ತೆಗೆಯಿತು. ಇಷ್ಟಾದರೂ ಯಾರ ಹೆಸರಿನಲ್ಲಿ ಇಡೀ ವರ್ಷದ ಕಾರ್ಯಕ್ರಮ ನಡೆಯುತ್ತದೋ ಆ ಬಡವರು ಸಭೆಗೆ ಬರುವುದು ಒಂದೇ ಸಂದರ್ಭದಲ್ಲಿ. ಏನನ್ನಾದರೂ ತೆಗೆದುಕೊಳ್ಳಲು ವೇದಿಕೆ ಹತ್ತಬೇಕಾದಾಗ ಮಾತ್ರ.

ಆ ಗಳಿಗೆಯನ್ನು ನಾವೆಲ್ಲ ನೋಡಿದ್ದೇವೆ. ಹೊಲಿಗೆ ಯಂತ್ರ ಒಂದು, ಅದನ್ನು ಹಿಡಿದ ಕೈಗಳು ಎಂಟು. ಪಡೆಯುವ ಹೆಣ್ಣುಮಗಳು ಸೆರಗನ್ನೋ ದುಪಟ್ಟಾವನ್ನೋ ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು ನಡುವೆ ನಿಲ್ಲುತ್ತಾಳೆ. ಫೋಟೋದವನು ಈ ಕಡೆ ನೋಡಮ್ಮ ಎನ್ನುತ್ತಾನೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಚಿತ್ರದ ಕೆಳಗೆ ಕೊಟ್ಟವರೆಲ್ಲರ ಹೆಸರು ಇರುತ್ತದೆ. ಪಡೆದವಳಿಗೆ ಹೆಸರಿಲ್ಲ, ಆಕೆ ಬರಿಯ ಫಲಾನುಭವಿ. ಈಗ ಮೊಬೈಲಿನಲ್ಲಿ ಅದೇ ಚಿತ್ರ ಗಳಿಗೆಯೊಳಗೆ ಊರು ಸುತ್ತುತ್ತದೆ. ಆಕೆಯ ಮಗಳು ಶಾಲೆಗೆ ಹೋದಾಗ ಗೆಳತಿಯರಿಗೆ ಮೊದಲೇ ಗೊತ್ತಾಗಿರುತ್ತದೆ. ಯಂತ್ರದ ಬೆಲೆಯ ಜತೆಗೆ ಆ ಮನೆ ಇನ್ನೊಂದು ಬೆಲೆಯನ್ನೂ ತೆತ್ತಿದೆ. ಅದು ಯಾವ ವರದಿಯಲ್ಲೂ ಜಮೆಯಾಗುವುದಿಲ್ಲ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಮಾತು ನಮ್ಮ ಅಜ್ಜಿಯರ ಬಾಯಲ್ಲೂ ಇತ್ತು, ಹದೀಸಿನಲ್ಲೂ ಇದೆ, ಕ್ರೈಸ್ತರ ಸುವಾರ್ತೆಯಲ್ಲೂ ಇದೆ. ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಮುಟ್ಟಿಸಿದರೆ ಇನ್ನೂ ಒಳ್ಳೆಯದು ಎನ್ನುವುದು ಕುರ್‌ಆನಿನ ನಿಲುವು. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ದಾನದ ಫಲವೇ ಹೋಗುತ್ತದೆ ಎಂದೂ ಅದು ಎಚ್ಚರಿಸುತ್ತದೆ. ಮಂದಿ ನೋಡಲೆಂದು ಮಾಡುವ ಒಳ್ಳೆಯ ಕೆಲಸಕ್ಕೆ ನಮ್ಮಲ್ಲಿ ರಿಯಾ ಎಂಬ ಹೆಸರೇ ಇದೆ. ಆದರೆ ಇದನ್ನು ಕ್ಲಬ್ಬಿನವರಿಗೆ ಉಪದೇಶ ಮಾಡುವ ಮೊದಲು ನಮ್ಮ ಮೊಹಲ್ಲಾಗಳನ್ನು ನೋಡಿಕೊಳ್ಳಬೇಕು. ರಮಜಾನಿನ ಕೊನೆಯ ವಾರದಲ್ಲಿ ಜಕಾತ್ ಹಂಚುವ ಮನೆಗಳ ಮುಂದೆ ಬಿಸಿಲಲ್ಲಿ ಸಾಲುಗಟ್ಟಿ ನಿಲ್ಲುವ ಮುದುಕಿಯರನ್ನು ನಾವು ಕಂಡಿದ್ದೇವೆ. ಒಳಗೆ ನೋಟುಗಳನ್ನು ಎಣಿಸಿ ಜೋಡಿಸುವವರೆಗೆ ಹೊರಗೆ ಉಪವಾಸದ ಮೈಯಲ್ಲಿ ಅವರು ಕಾಯುತ್ತಾರೆ. ಕ್ಯಾಮೆರಾ ಇಲ್ಲದಿದ್ದರೂ ಆ ಸಾಲು ಒಂದು ಪ್ರದರ್ಶನವೇ.

ಹಾಗಾದರೆ ದಾನಕ್ಕೆ ದಾಖಲೆಯೇ ಬೇಡವೇ? ನಮ್ಮ ಜಿಲ್ಲೆಯ ಬಂಡೆಗಳು ಈ ಪ್ರಶ್ನೆಗೆ ಬೇರೆ ರೀತಿಯಲ್ಲಿ ಉತ್ತರ ಕೊಡುತ್ತವೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ 578ರ ಶಾಸನವಿದೆ, ಅದರಲ್ಲಿ ಹಳ್ಳಿಯೊಂದನ್ನು ದತ್ತಿಯಾಗಿ ಬಿಟ್ಟ ವಿವರವಿದೆ. ಅಲ್ಲಿಂದ ಮುಂದೆ ನೂರಾರು ವರ್ಷ ನಮ್ಮವರು ದಾನಗಳನ್ನು ಕಲ್ಲಿಗೆ ಕೆತ್ತಿಸಿದರು. ದಾನಶಾಸನದ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ, ಕೊಟ್ಟದ್ದನ್ನು ಕಿತ್ತುಕೊಂಡವನು ಕೆಟ್ಟುಹೋಗಲಿ ಎಂದು. ಅಂದರೆ ಆ ಕಲ್ಲಿನಲ್ಲಿ ಕೊಟ್ಟವನ ಕೀರ್ತಿ ಇದ್ದದ್ದು ನಿಜ, ಪಡೆದವನ ಕೈಗೆ ಅದು ಒಂದು ಕಾಗದಪತ್ರವೂ ಆಗಿತ್ತು. ನಾಳೆ ಅರಸ ಬದಲಾದರೂ ಅವನು ಕಲ್ಲನ್ನು ತೋರಿಸಿ ಇದು ನನ್ನದು ಎನ್ನಬಹುದಿತ್ತು. ನಮ್ಮ ಕಾಲದ ಫೋಟೋ ಮಾತ್ರ ಕೊಟ್ಟವನ ಕೈಯಲ್ಲೇ ಉಳಿಯುವ ಪುರಾವೆ. ಸಾರ್ವಜನಿಕರ ಹಣ ಕೂಡಿಸಿದವರು ಲೆಕ್ಕ ತೋರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕ ತೋರಿಸಲು ಬಡವರ ಮುಖ ತೋರಿಸಬೇಕಾಗಿಲ್ಲ. ಲೆಕ್ಕ ಬಯಲಿನಲ್ಲಿರಲಿ, ಮುಖ ಮರೆಯಲ್ಲಿರಲಿ. ಕ್ಲಬ್ಬಿಗೂ ಜಮಾತಿಗೂ ಇದೊಂದು ನಿಯಮ ಸಾಕು.

ಇಷ್ಟನ್ನು ತಿದ್ದಿಕೊಳ್ಳುವುದು ಸುಲಭ. ಇದಕ್ಕಿಂತ ಕಷ್ಟದ ಪ್ರಶ್ನೆ ಆ ಸಂಜೆಯಾಚೆಗಿನ ಆರು ದಿನಗಳದು.

ಇಳಕಲ್ಲನ್ನೇ ನೋಡೋಣ. ಮನೆಯ ಕುಣಿಮಗ್ಗದಲ್ಲಿ ಕಾಲಿಟ್ಟು ನೇಯುವವನಿಗೆ ನೂಲು, ರೇಷ್ಮೆ, ನಮೂನೆ ಕೊಡುವವರು ಸಾವಕಾರರು. ನೇಯ್ದ ಸೀರೆಗೆ ಇಷ್ಟೆಂದು ಮಜೂರಿ. ಕಂಡಿಕೆ ಸುತ್ತುವ ಹೆಂಡತಿಗೆ, ಎಳೆ ಜೋಡಿಸಲು ಕೂರುವ ತಾಯಿಗೆ ಪ್ರತ್ಯೇಕ ಮಜೂರಿ ಇಲ್ಲ, ಅದು ಅದೇ ಮಜೂರಿಯಲ್ಲಿ ಸೇರಿಹೋಗುತ್ತದೆ. ಮಗಳ ಮದುವೆಗೋ ಆಸ್ಪತ್ರೆಗೋ ಸಾವಕಾರರಿಂದ ಮುಂಗಡ ತೆಗೆದುಕೊಂಡರೆ ಬಾಕಿ ತೀರುವವರೆಗೆ ಬೇರೆಯವರ ಮಗ್ಗಕ್ಕೆ ಹೋಗುವ ಹಾಗಿಲ್ಲ. ಇಂಥ ಮನೆಯ ಹುಡುಗನಿಗೆ ಜೂನಿನಲ್ಲಿ ಕ್ಲಬ್ಬಿನ ನೋಟ್‌ಬುಕ್ ಸಿಗುತ್ತದೆ, ಅಜ್ಜಿಗೆ ಕಣ್ಣಿನ ಶಿಬಿರದಲ್ಲಿ ಕನ್ನಡಕ ಸಿಗುತ್ತದೆ. ಮಗ್ಗದ ಮುಂದೆ ಬಗ್ಗಿ ಕಣ್ಣು ಸೋತದ್ದೂ ನಿಜ, ಕನ್ನಡಕ ಉಪಯೋಗಕ್ಕೆ ಬಂದದ್ದೂ ನಿಜ. ಆದರೆ ಆ ಮಜೂರಿಯಲ್ಲಿ ಹೆಂಗಸರ ದುಡಿಮೆಗೂ ಲೆಕ್ಕ ಸಿಕ್ಕಿದ್ದರೆ ಕನ್ನಡಕವನ್ನು ಅವರೇ ಕೊಳ್ಳುತ್ತಿದ್ದರಲ್ಲ ಎಂಬ ಪ್ರಶ್ನೆಗೆ ಸಭೆಯ ಅಜೆಂಡಾದಲ್ಲಿ ಜಾಗವಿಲ್ಲ.

ಬೇರೆ ವೃತ್ತಿಗಳಿಗೂ ಇದೇ ಪ್ರಶ್ನೆ ಇದೆ. ಇಳಕಲ್ ಸುತ್ತಿನ ಕೆಂಪು ಗ್ರಾನೈಟ್ ಹೊರದೇಶಗಳಿಗೆ ಹೋಗುವ ಕಲ್ಲು. ಗ್ರಾನೈಟಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಸೇರಿದರೆ ವಾಸಿಯಾಗದ ರೋಗ ಬರುತ್ತದೆಂದು ವೈದ್ಯರು ಬಲ್ಲರು. ಕಲ್ಲು ಕೊಯ್ಯುವಲ್ಲಿ ನೀರು ಹಾಯಿಸಿ ದೂಳು ತಗ್ಗಿಸುವುದು ದೊಡ್ಡದೋ, ವರ್ಷಕ್ಕೊಮ್ಮೆ ಉಚಿತ ಎದೆ ತಪಾಸಣೆ ಮಾಡಿಸುವುದು ದೊಡ್ಡದೋ? ಶೇಂಗಾ ತಂದ ರೈತನಿಗೆ ತೂಕದಲ್ಲಿ ಮೋಸವಾಗದಂತೆ ನೋಡುವುದು ಹೆಚ್ಚೋ, ಅವನ ಊರಿನ ಶಾಲೆಗೆ ಗಡಿಯಾರ ಕೊಡುವುದು ಹೆಚ್ಚೋ? ಬೇಡದ ಪರೀಕ್ಷೆಗಳನ್ನು ಬರೆಯದಿರುವ ಡಾಕ್ಟರು ವರ್ಷವಿಡೀ ಮಾಡುವ ಸೇವೆಯನ್ನು ಒಂದು ಭಾನುವಾರದ ಶಿಬಿರ ಸರಿಗಟ್ಟಬಲ್ಲದೇ? ಇದು ಯಾರೋ ಕೆಲವರ ಮೇಲಿನ ಆಪಾದನೆಯಲ್ಲ. ಪಾಠ ಹೇಳುವ, ವ್ಯಾಪಾರ ಮಾಡುವ, ಕತೆ ಬರೆಯುವ ನಮಗೆಲ್ಲ ಅನ್ವಯಿಸುವ ಮಾತು. ನಾವು ಕೊಡುವ ಕೈಯನ್ನು ಹೊಗಳುತ್ತೇವೆ, ಅದೇ ಮೈಯ ಗಳಿಸುವ ಕೈಯನ್ನು ವಿಚಾರಿಸುವುದಿಲ್ಲ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಹಸಿದವನು ಅಕ್ಕಿ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಎಲ್ಲರೂ ತಮ್ಮ ವ್ಯವಹಾರವನ್ನು ಶುದ್ಧ ಮಾಡಿಕೊಂಡ ಮೇಲೆಯೇ ಕೊಡಬೇಕೆಂದರೆ ಬಡವರಿಗೆ ಏನೂ ಮುಟ್ಟುವುದಿಲ್ಲ. ಅದಲ್ಲದೆ ನ್ಯಾಯದ ಮಾತು ಎತ್ತಿದ ಕೂಡಲೇ ಏನನ್ನೂ ಕೊಡದೆ ಕೈತೊಳೆದುಕೊಳ್ಳುವ ಜಾಣರಿಗೆ ಅದೊಂದು ನೆಪವಾಗುತ್ತದೆ. ಈ ಆಕ್ಷೇಪದಲ್ಲಿ ಸತ್ಯವಿದೆ. ಆದ್ದರಿಂದ ಕೊಡುವುದನ್ನು ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಕಣ್ಣಿನ ಶಿಬಿರ ನಾಳೆಯೇ ನಡೆಯಲಿ. ಅದು ಮಜೂರಿಯ ಬಾಕಿಯನ್ನು ತೀರಿಸಿತೆಂದು ಬರೆದುಕೊಳ್ಳುವುದು ಮಾತ್ರ ಬೇಡ. ಸಾಲಗಾರನು ಸಾಲ ತೀರಿಸದೆ ಉಡುಗೊರೆ ಕೊಟ್ಟರೆ ಉಡುಗೊರೆ ಉಡುಗೊರೆಯೇ, ಸಾಲ ಸಾಲವೇ. ಎರಡು ಖಾತೆಗಳನ್ನು ಬೆರೆಸಬಾರದೆಂಬುದು ವ್ಯಾಪಾರಸ್ಥರಿಗೆ ನಾವು ಕಲಿಸಬೇಕಾದ ಪಾಠವಲ್ಲ.

ಇಲ್ಲಿ ನಮ್ಮ ಸಮುದಾಯದೊಳಗಿನ ಒಂದು ಸಂಶಯದ ಬಗ್ಗೆಯೂ ಹೇಳಬೇಕು. ಇಂಥ ಕ್ಲಬ್ಬುಗಳನ್ನು ಫ್ರೀಮೇಸನ್ನರ ಜತೆ ಸೇರಿಸಿ ಅರಬ್ ದೇಶಗಳ ಕೆಲವು ವಿದ್ವಾಂಸರು ಅನುಮಾನದಿಂದ ಕಂಡದ್ದುಂಟು. ಕ್ಯಾಥೊಲಿಕ್ ಚರ್ಚು ಕೂಡ 1950ರ ಕೊನೆಗೆ ತನ್ನ ಪಾದ್ರಿಗಳು ರೋಟರಿ ಸದಸ್ಯರಾಗಬಾರದೆಂದು ಆಜ್ಞೆ ಮಾಡಿತ್ತು, ಆಮೇಲೆ ಆ ಬಿಗಿ ಸಡಿಲವಾಯಿತು. ನಮ್ಮ ಊರುಗಳಲ್ಲಿ ಆ ಸಂಶಯ ಅಷ್ಟು ದೊಡ್ಡದಾಗಿಲ್ಲ. ಅದು ಶ್ರೀಮಂತರ ಜಾಗ, ನಮಗೇಕೆ ಎಂಬ ಉದಾಸೀನವೇ ಹೆಚ್ಚು. ಬೇರೆಯವರೊಡನೆ ಕೂಡಿ ಒಳ್ಳೆಯ ಕೆಲಸಕ್ಕೆ ಮಾತು ಕೊಡಬಹುದೇ ಎಂದು ಕೇಳುವವರು ಮಕ್ಕಾದ ಒಂದು ಘಟನೆಯನ್ನು ನೆನೆಯಬೇಕು.

ಪ್ರವಾದಿ ಮುಹಮ್ಮದರಿಗೆ(ಸ) ಆಗ ಸುಮಾರು ಇಪ್ಪತ್ತು ವರ್ಷ, ಪ್ರವಾದಿತ್ವ ಇನ್ನೂ ಬಂದಿರಲಿಲ್ಲ. ಯೆಮನ್ ಕಡೆಯ ಒಬ್ಬ ವ್ಯಾಪಾರಿ ಮಕ್ಕಾಕ್ಕೆ ಸರಕು ತಂದ. ಆಸ್ ಬಿನ್ ವಾಇಲ್ ಎಂಬ ದೊಡ್ಡ ಕುಳ ಅದನ್ನು ಕೊಂಡು ಹಣ ಕೊಡಲಿಲ್ಲ. ಪರವೂರಿನವನಿಗೆ ಕುಲದ ಬೆಂಬಲವಿಲ್ಲ. ಅವನು ಗುಡ್ಡ ಹತ್ತಿ ಊರಿಗೆಲ್ಲ ಕೇಳುವಂತೆ ಮೊರೆಯಿಟ್ಟ. ಆಗ ಕೆಲವು ಕುಲಗಳ ಹಿರಿಯರು ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬುವರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಇರಲಿ ಅವನ ಹಕ್ಕು ಕೊಡಿಸುವವರೆಗೆ ಜತೆಗೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಆ ಒಪ್ಪಂದಕ್ಕೆ ಹಿಲ್ಫುಲ್ ಫುಝೂಲ್ ಎಂದು ಹೆಸರು. ಯುವಕ ಮುಹಮ್ಮದರೂ(ಸ) ಅಲ್ಲಿದ್ದರು. ಇಸ್ಲಾಮ್ ಬಂದ ಮೇಲೂ ಅಂಥದಕ್ಕೆ ಕರೆದರೆ ಹೋಗುವೆನೆಂದು ಅವರು ನೆನೆಯುತ್ತಿದ್ದರು. ಗಮನಿಸಿ, ಆ ಕೂಟ ವ್ಯಾಪಾರಿಗೆ ಊಟ ಹಾಕಿ, ಹಾದಿಯ ಖರ್ಚು ಕೊಟ್ಟು ಕಳಿಸಲಿಲ್ಲ. ಸರಕು ಕೊಂಡವನ ಮನೆಗೆ ಹೋಗಿ ಬಾಕಿಯನ್ನು ಕೊಡಿಸಿತು. ಅನುಕೂಲಸ್ಥರು ಸೇರಿ ಕಟ್ಟಿದ ಆ ಸೇವಾ ಕೂಟದ ಮೊದಲ ಸೇವೆ ತಮ್ಮಂಥದೇ ಅನುಕೂಲಸ್ಥನನ್ನು ಕೇಳುವುದಾಗಿತ್ತು.

ಜಕಾತಿನ ಒಳತಿರುಳೂ ಇದೇ. ಉಳ್ಳವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಗೊತ್ತಾದ ಪಾಲಿದೆ ಎನ್ನುತ್ತದೆ ಕುರ್‌ಆನ್. ಪಾಲೆಂದ ಮೇಲೆ ಅದು ಹಕ್ಕು. ನೂರಕ್ಕೆ ಎರಡೂವರೆಯನ್ನು ಕೊಟ್ಟವನು ದಾನಿಯಾಗುವುದಿಲ್ಲ, ತನ್ನ ಬಳಿ ಇದ್ದ ಬೇರೆಯವರ ಒಡವೆಯನ್ನು ಹಿಂದಿರುಗಿಸುತ್ತಾನೆ. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ ಒಂದು ಅಧ್ಯಾಯವೇ ಕುರ್‌ಆನಿನಲ್ಲಿದೆ. ಕೂಲಿಯವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂದು ಹದೀಸು ಹೇಳುತ್ತದೆ. ಹುನಗುಂದದ ಸೀಮೆಯಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ದೇವರನ್ನೇ ಅಂಕಿತ ಮಾಡಿಕೊಂಡ ಬಸವಣ್ಣನವರ ಪರಂಪರೆ ಕೂಡ ಕಾಯಕವನ್ನು ಮೊದಲಿಟ್ಟು ದಾಸೋಹವನ್ನು ಆಮೇಲೆ ಇಡುತ್ತದೆ. ಕಾಯಕ ಕೆಟ್ಟಿದ್ದರೆ ದಾಸೋಹ ನಿಲ್ಲುವುದಿಲ್ಲ. ದಾನಿ ಎತ್ತರದಲ್ಲಿ ನಿಂತು ಕೊಡುತ್ತಾನೆ, ದಾಸೋಹಿ ತಾನೇ ದಾಸನಾಗಿ ಕೊಡುತ್ತಾನೆ. ಮಕ್ಕಾ ಮದೀನಗಳ ಮಾತೂ ಕೂಡಲಸಂಗಮದ ಮಾತೂ ಇಲ್ಲಿ ಒಂದೇ ಹಾದಿಗೆ ಬರುತ್ತವೆ.

ವ್ಯಾಪಾರಸ್ಥರ ಸಂಘಗಳು ನಮ್ಮ ನೆಲಕ್ಕೆ ಷಿಕಾಗೋದಿಂದಲೇ ಬರಬೇಕಾಗಿರಲಿಲ್ಲ. ಹುನಗುಂದದ ಐಹೊಳೆಯಿಂದ ಹೊರಟ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ದೊಡ್ಡ ವರ್ತಕ ಸಂಘವಾಗಿ ಬೆಳೆದರು. ಅವರ ಹೆಸರು ಹೊತ್ತ ಶಾಸನಗಳು ತಮಿಳುನಾಡಿನಲ್ಲಿ, ಶ್ರೀಲಂಕೆಯಲ್ಲಿ, ಸುಮಾತ್ರಾದ ಬಾರುಸಿನಲ್ಲೂ ಸಿಕ್ಕಿವೆ. ಈ ಬಗೆಯ ವರ್ತಕರು ಗುಡಿಗೆ, ಕೆರೆಗೆ ಕೊಡುವಾಗ ತಮ್ಮ ಸರಕಿನ ಹೇರಿಗೆ ಇಷ್ಟು, ಚೀಲಕ್ಕೆ ಇಷ್ಟೆಂದು ತಾವೇ ತೆರಿಗೆ ಹಾಕಿಕೊಳ್ಳುತ್ತಿದ್ದರು. ಕೊಡುವ ಲೆಕ್ಕ ವ್ಯಾಪಾರದ ಲೆಕ್ಕದೊಳಗೇ ಇತ್ತು. ಅದೇ ಐಹೊಳೆಯ ಹಳೆಯ ಗುಡಿಯೊಂದಕ್ಕೆ, ಅಲ್ಲಿ ವಾಸವಾಗಿದ್ದ ಒಬ್ಬ ಮುಸಲ್ಮಾನನಿಂದ ಲಾಡ್‌ಖಾನ್ ಗುಡಿ ಎಂದು ಹೆಸರು ಉಳಿದಿದೆ. ನೆರೆಹೊರೆಯೂ ನಮ್ಮಲ್ಲಿ ಹೊಸದಲ್ಲ.

ರೋಟರಿಯವರ ಚತುರ್ವಿಧ ಪರೀಕ್ಷೆಯ ಕತೆ ಇದಕ್ಕಿಂತ ಕುತೂಹಲದ್ದು. ಆಡುವುದು, ಮಾಡುವುದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುವುದೇ, ಎಲ್ಲರಿಗೂ ಹಿತವೇ ಎಂಬ ಆಶಯದ ನಾಲ್ಕು ಪ್ರಶ್ನೆಗಳು ಅವರ ಗೋಡೆಗಳ ಮೇಲೆ ಇರುತ್ತವೆ. ಅವನ್ನು ಹರ್ಬರ್ಟ್ ಟೇಲರ್ ಎಂಬುವರು 1932ರಲ್ಲಿ ಬರೆದದ್ದು ದಾನಧರ್ಮಕ್ಕಾಗಿ ಅಲ್ಲ. ದಿವಾಳಿಯಂಚಿಗೆ ಬಂದಿದ್ದ, ಪಾತ್ರೆ ಮಾರುವ ಒಂದು ಕಂಪನಿಯನ್ನು ನೆಟ್ಟಗೆ ನಡೆಸಲು, ಅದರ ಜಾಹೀರಾತು, ಮಾರಾಟ, ಕೊಡುಕೊಳ್ಳುವಿಕೆಗಳನ್ನು ಒರೆಹಚ್ಚಲು ಬರೆದದ್ದು. 1943ರಲ್ಲಿ ರೋಟರಿ ಅವನ್ನು ತನ್ನದಾಗಿಸಿಕೊಂಡಿತು. ವೃತ್ತಿ ಸೇವೆ ಎನ್ನುವುದು ಇಂದಿಗೂ ಅವರ ಸೇವೆಯ ವಿಭಾಗಗಳಲ್ಲಿ ಒಂದು. ಅಂದರೆ ಆರು ದಿನಗಳ ಪ್ರಶ್ನೆಯನ್ನು ನಾವು ಹೊರಗಿನಿಂದ ತಂದು ಹಾಕುತ್ತಿಲ್ಲ, ಅದು ಅವರ ಗೋಡೆಯ ಮೇಲೇ ಇದೆ. ಸಂಜೆ ಅದನ್ನು ಓದುತ್ತಾರೆ, ಬೆಳಿಗ್ಗೆ ಅಂಗಡಿಯ ಗಲ್ಲೆಯ ಬಳಿಗೆ ಅದು ಬರುವುದಿಲ್ಲ.

ಹೀಗೆ ಬರುವುದು ಸಾಧ್ಯವೆಂದು ತೋರಿಸಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು 2005ರಲ್ಲಿ ತೀರಿಕೊಳ್ಳುವ ಮೊದಲು ಹಳ್ಳಿಹಳ್ಳಿಗೆ ಹೋಗಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. ಅವರಿಗೆ ವೃತ್ತಿ ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂದಿರಲಿಲ್ಲ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆ ಮನೆಗೆ ಹೋದರು. ಅವರು ಬೇಡಿದ್ದು ಕುಡಿತವನ್ನು, ತಂಬಾಕನ್ನು, ಇಸ್ಪೀಟನ್ನು. ನಿನ್ನ ಚಟವನ್ನು ನನ್ನ ಜೋಳಿಗೆಗೆ ಹಾಕು ಎಂದು ಕೇಳುತ್ತಿದ್ದರು. ಉಪಕಾರ ಮಾಡಲು ಬಂದವರೇ ಬೇಡುವವರಾಗಿ, ಗುಡಿಸಲಿನ ಕುಡುಕನೇ ಕೊಡುವವನಾದ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು, ಅವರ ಜನ್ಮದಿನವಾದ ಆಗಸ್ಟ್ 1ನ್ನು 'ವ್ಯಸನಮುಕ್ತ ದಿನ'ವಾಗಿ ಆಚರಿಸಲಾಗುತ್ತದೆ. ಆ ಜೋಳಿಗೆ ಕಲಿಸುವ ಪಾಠ ಸರಳ. ಕೊಡುವ ಮೊದಲು ಅವರ ಬಾಗಿಲಿಗೆ ಹೋಗು, ಕೇಳು.

ಕೇಳುವುದನ್ನು ಕ್ಲಬ್ಬುಗಳೂ ಒಮ್ಮೆ ಕಲಿತಿವೆ. 1985ರಲ್ಲಿ ರೋಟರಿ ಪೋಲಿಯೊ ವಿರುದ್ಧ ದೊಡ್ಡ ಅಭಿಯಾನ ಕೈಗೊಂಡಿತು. ಉತ್ತರ ಪ್ರದೇಶದ ಕೆಲವು ಮುಸ್ಲಿಂ ಮೊಹಲ್ಲಾಗಳಲ್ಲಿ, ಈ ಹನಿ ಹಾಕಿಸಿದರೆ ಮಕ್ಕಳಾಗುವುದಿಲ್ಲ ಎಂಬ ಗುಲ್ಲೆದ್ದು ಬಾಗಿಲುಗಳು ಮುಚ್ಚಿಕೊಂಡವು. ಬಾಗಿಲು ಮುಚ್ಚಿದವರನ್ನು ಅಜ್ಞಾನಿಗಳೆಂದು ಬೈದು ಪ್ರಯೋಜನವಾಗಲಿಲ್ಲ. ಮೌಲಾನಾಗಳನ್ನು ಕಂಡು ಮಾತಾಡಬೇಕಾಯಿತು, ಆ ಓಣಿಯ ಹೆಂಗಸರನ್ನೇ ಕಾರ್ಯಕರ್ತೆಯರನ್ನಾಗಿ ಮಾಡಬೇಕಾಯಿತು, ಚರಂಡಿಯಿಲ್ಲ, ದವಾಖಾನೆಯಿಲ್ಲ, ಈ ಹನಿಗಷ್ಟೇ ಯಾಕೆ ಬರುತ್ತೀರಿ ಎಂಬ ಬೈಗುಳ ಕೇಳಬೇಕಾಯಿತು. ಸರಕಾರ, ಯುನಿಸೆಫ್, ಆರೋಗ್ಯ ಕಾರ್ಯಕರ್ತೆಯರು, ಉಲೇಮಾ ಎಲ್ಲರೂ ಕೂಡಿದ ಮೇಲೆ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣವಾಯಿತು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಬೇಡ ಎನ್ನುವ ಹಕ್ಕು ಬಡವರ ಕೈಯಲ್ಲಿದ್ದುದರಿಂದಲೇ ಕೊಡುವವರು ಅವರ ಹೊಸ್ತಿಲಲ್ಲಿ ಕೂತು ಮಾತು ಕೇಳಿದರು.

ಕೇಳದೆ ಕೊಟ್ಟರೆ ಏನಾಗುತ್ತದೆಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. 2009ರ ನೆರೆಯಲ್ಲಿ ಬಾದಾಮಿ, ಹುನಗುಂದ ತಾಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು. ಸರಕಾರವೂ ದಾನಿಗಳೂ ಸೇರಿ ಆಸರೆ ಯೋಜನೆಯಲ್ಲಿ ಮನೆಗಳನ್ನು ಕಟ್ಟಿದರು. ಹಲವು ಕಡೆ ಜನ ಅಲ್ಲಿಗೆ ಹೋಗಲಿಲ್ಲ, ಹೋದವರೂ ಮರಳಿದರು. ಹೊಲ ದೂರವಾಯಿತು, ಎತ್ತು ಎಮ್ಮೆ ಕಟ್ಟಲು ಜಾಗವಿರಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಏರಿ ಪಟ್ಟದಕಲ್ಲಿನ ಗುಡಿಗಳನ್ನೇ ಸುತ್ತುವರಿದಾಗ ಹಳೆಯ ಮನೆಗಳಲ್ಲಿದ್ದವರು ಮತ್ತೆ ನೀರಿಗೆ ಸಿಕ್ಕಿದರು.

ಬಾಗಲಕೋಟೆಯ ಪಾಠ ಇನ್ನೂ ಆಳವಾದದ್ದು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳಿಗೆ ನುಗ್ಗಿದಾಗ, ಹತ್ತು ಮಂದಿಗೆ ಉದ್ರಿ ಕೊಡುತ್ತಿದ್ದ ಅಂಗಡಿಕಾರರು ತಾವೇ ಕಾಗದ ಹಿಡಿದು ಕಚೇರಿಗಳ ಮುಂದೆ ನಿಂತರು. ನೇಕಿ ಕರ್, ದರಿಯಾ ಮೇ ಡಾಲ್ ಎಂಬ ಉರ್ದು ಗಾದೆಯಿದೆ, ಒಳ್ಳೆಯದು ಮಾಡಿ ಹೊಳೆಗೆ ಹಾಕು ಎಂದು. ಇಲ್ಲಿ ಹೊಳೆಯೇ ಊರಿಗೆ ಬಂದು ಕೊಡುವವರನ್ನೂ ಪಡೆಯುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಆ ಸಾಲಿನಲ್ಲಿ ನಿಂತವರು ಯಾರೂ ಪರಿಹಾರವನ್ನು ದಾನವೆಂದು ಕರೆಯಲಿಲ್ಲ, ನಮ್ಮ ಹಕ್ಕು ಎಂದರು. ಸರಿಯಾಗಿಯೇ ಅಂದರು. ತಮಗೆ ಹಕ್ಕಾಗಿ ಕಂಡದ್ದು ನೇಕಾರನಿಗೆ, ಕಲ್ಲು ಒಡೆಯುವವನಿಗೆ ಮಾತ್ರ ಉಪಕಾರವಾಗುವುದು ಹೇಗೆ?

ಆದ್ದರಿಂದ ಅವಕಾಶ ಸಿಕ್ಕ ನಮ್ಮವರು ಆ ಮೇಜಿಗೆ ಕೂರಲಿ. ಗಂಡಸರ ಜತೆಗೆ ಹೆಣ್ಣುಮಕ್ಕಳೂ ಕೂರಲಿ. ಅಂಜುಮನ್ನುಗಳ, ಜಮಾತುಗಳ ಸಭೆಗಳಲ್ಲೂ ಈ ಪ್ರಶ್ನೆ ಬರಲಿ. ತಿಂಗಳಿಗೆ ಒಂದು ಸಭೆಯನ್ನಾದರೂ ಹಂಚಿಕೆಗೆ ಬಿಡದೆ ವಿಚಾರಣೆಗೆ ಇಡಬಹುದು. ಒಂದು ಸಲ ನೇಕಾರನನ್ನು ಕರೆಯಬಹುದು, ಒಂದು ಸಲ ಕ್ವಾರಿಯ ಕೂಲಿಯವಳನ್ನು, ಒಂದು ಸಲ ಆಸರೆ ಮನೆ ಬಿಟ್ಟು ಬಂದವರನ್ನು. ಅವರಿಗೆ ಶಾಲು ಬೇಡ, ಕುರ್ಚಿ ಕೊಟ್ಟರೆ ಸಾಕು. ಅವರು ಹೇಳಿದ್ದಕ್ಕೆ ಆ ಮೇಜಿನವರಲ್ಲಿ ಯಾರು, ತಮ್ಮ ಯಾವ ವ್ಯವಹಾರದಲ್ಲಿ, ಏನನ್ನು ಬದಲಿಸಬಲ್ಲರು ಎಂಬ ಒಂದು ಸಾಲು ಕಾರ್ಯದರ್ಶಿಯ ಪುಸ್ತಕದಲ್ಲಿ ಬರಲಿ. ಮಜೂರಿ ಹತ್ತು ರೂಪಾಯಿ ಏರಿದ್ದಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ, ಯಾವ ಪತ್ರಿಕೆಯೂ ಬರೆಯುವುದಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬಹುದಾದ ದಾನ ಇದಕ್ಕಿಂತ ಬೇರೆ ಯಾವುದಿದೆ?